ಜೀವಲಿಪಿಯ ಪಠನ: ಪ್ರಯೋಗಶಾಲೆಯ ಸಾಧನಗಳೂ ರಸಾಯನವೂ



ಗ್ರಂಥಭಂಡಾರದಲ್ಲಿ ಓಲೆಗರಿಯ ಕಟ್ಟನ್ನು ಬಿಚ್ಚಿ ಓದಿದವರಿಗೆ ಎರಡು ಸಂಗತಿಗಳು ಚೆನ್ನಾಗಿ ತಿಳಿದಿರುವುವು. ಕಬ್ಬಿಣದ ಕಂಟದಿಂದ ಗರಿಯ ಮೇಲೆ ಕೊರೆದ ಅಕ್ಷರವು ಒಡನೆಯೇ ಕಣ್ಣಿಗೆ ಕಾಣಿಸುವುದಿಲ್ಲ. ಮಸಿಯನ್ನು ಸವರಿ ಒರಸಿದ ಬಳಿಕ ಅದು ಎದ್ದು ತೋರುವುದು. ಇದು ಮೊದಲನೆಯದು. ಒಂದೇ ಪ್ರತಿಯನ್ನು ನಂಬಿ ಓದಿದರೆ ಪಾಠವು ತಪ್ಪುವ ಸಂಭವವುಂಟು. ಹಲವು ಪ್ರತಿಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಹೋಲಿಸಿ, ಪಾಠಾಂತರಗಳನ್ನು ತೂಗಿ ನೋಡಿದಲ್ಲದೆ ಶುದ್ಧಪಾಠವು ದೊರೆಯದು. ಇದು ಎರಡನೆಯದು. ಈ ಉಪನ್ಯಾಸದ ವಿಷಯವಾದ ಲಿಪಿಯು ಗರಿಯ ಮೇಲೆ ಬರೆದುದಲ್ಲ. ಸಸ್ಯ, ಪ್ರಾಣಿ, ಮನುಷ್ಯ ಇವೆಲ್ಲವುಗಳ ಜೀವಕೋಶಗಳೊಳಗೆ ಅಡಗಿರುವ ಡಿ. ಎನ್. ಏ. ಎಂಬ ದ್ರವ್ಯದಲ್ಲಿ ಇರತಕ್ಕದ್ದು. ಆದರೂ ಅದನ್ನು ಓದಹೊರಟವರಿಗೆ ಎದುರಾದ ತೊಡಕುಗಳು ಇವೇ ಎರಡು: ಕಾಣದ ಅಕ್ಷರವನ್ನು ಕಾಣಿಸುವುದು ಹೇಗೆ, ಕಂಡ ಅಕ್ಷರವು ನಿಜವೆಂದು ನಿಶ್ಚಯಿಸುವುದು ಹೇಗೆ. ಕಾಲಕ್ರಮದಲ್ಲಿ ಮೂರನೆಯದೊಂದು ಪ್ರಶ್ನೆಯೂ ಹುಟ್ಟಿತು: ಓದಿದ ಪಾಠವು ಯಾರ ಸ್ವತ್ತು? ಈ ಮೂರು ಪ್ರಶ್ನೆಗಳಿಗೆ ದೊರೆತ ಉತ್ತರಗಳನ್ನು ಕ್ರಮವಾಗಿ ವಿವೇಚಿಸುವುದು ಈ ಉಪನ್ಯಾಸದ ಉದ್ದೇಶವಾಗಿದೆ.

ಮೊದಲು ಆ ದ್ರವ್ಯದ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿಯುವುದು ಅಗತ್ಯ. ಡಿ. ಎನ್. ಏ. ಎಂಬುದು ಎರಡು ಎಳೆಗಳು ಒಂದನ್ನೊಂದು ಸುತ್ತಿಕೊಂಡಿರುವ ಹುರಿ. ಪ್ರತಿಯೊಂದು ಎಳೆಯೂ ಸಕ್ಕರೆಯ ಜಾತಿಯ ಅಣುಗಳನ್ನು ರಂಜಕದ ಕೊಂಡಿಗಳಿಂದ ಜೋಡಿಸಿದ ಸರಪಳಿ. ಒಂದೊಂದು ಸಕ್ಕರೆಯ ಅಣುವಿಗೂ ಒಂದೊಂದು ಅಕ್ಷರವು ಅಂಟಿಕೊಂಡಿರುವುದು. ಅಕ್ಷರಗಳು ನಾಲ್ಕೇ: ಅಡೆನೀನ್, ಥೈಮೀನ್, ಗ್ವಾನೀನ್, ಸೈಟೋಸೀನ್. ಇವನ್ನು ಏ, ಟಿ, ಜಿ, ಸಿ ಎಂದು ಸಂಕೇತಿಸುವರು. ಒಂದು ಎಳೆಯಲ್ಲಿ ಏ ಇರುವೆಡೆಯಲ್ಲಿ ಎದುರಿನ ಎಳೆಯಲ್ಲಿ ಟಿ ಇರುವುದು. ಜಿ ಇರುವೆಡೆಯಲ್ಲಿ ಸಿ ಇರುವುದು. ಆದುದರಿಂದ ಒಂದು ಎಳೆಯ ಪಾಠವು ತಿಳಿದರೆ ಇನ್ನೊಂದರ ಪಾಠವು ತಾನಾಗಿಯೇ ತಿಳಿಯುವುದು. ಈ ರಚನೆಯನ್ನು 1953ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ವಾಟ್ಸನ್ ಮತ್ತು ಕ್ರಿಕ್ ಎಂಬವರು ಪ್ರಕಟಿಸಿದರು. ಅದಕ್ಕೆ ಆಧಾರವಾದ ಎಕ್ಸ್-ಕಿರಣ ಚಿತ್ರಗಳಲ್ಲಿ ರೋಸಲಿಂಡ್ ಫ್ರಾಂಕ್ಲಿನ್ ಎಂಬ ವಿದುಷಿಯ ಪ್ರಯೋಗಶಾಲೆಯಲ್ಲಿ ತೆಗೆದವು ಮುಖ್ಯವಾದುವು. ತಂದೆಯಿಂದ ಬಂದ ಒಂದು ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳು, ತಾಯಿಯಿಂದ ಬಂದ ಪ್ರತಿಯಲ್ಲಿ ಮತ್ತಷ್ಟು. ಹುರಿಯ ಅಗಲವಾದರೋ ಒಂದು ಮಿಲಿಮೀಟರಿನ ಐದು ಲಕ್ಷದಲ್ಲಿ ಒಂದು ಪಾಲು. ಸೂಕ್ಷ್ಮದರ್ಶಕದಲ್ಲಿ ನೋಡಿ ಅಕ್ಷರಗಳನ್ನು ಎಣಿಸುವುದು ಆಗದ ಕೆಲಸ. ರಚನೆಯು ತಿಳಿದ ಮೇಲೆಯೂ ಇಪ್ಪತ್ತು ವರ್ಷಗಳಿಗಿಂತ ಹೆಚ್ಚು ಕಾಲ ಆ ಪುಸ್ತಕವು ಬಹುಮಟ್ಟಿಗೆ ಓದಲಾಗದೆಯೇ ಉಳಿಯಿತು.

ಆ ಬೀಗವನ್ನು ತೆರೆದವರಲ್ಲಿ ಅಗ್ರಗಣ್ಯನು ಫ್ರೆಡರಿಕ್ ಸ್ಯಾಂಗರ್. ಈತನು 1918ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನಲ್ಲಿ ಹುಟ್ಟಿದನು. ಸಕ್ಕರೆರೋಗದವರಿಗೆ ಕೊಡುವ ಇನ್ಸುಲಿನ್ ಎಂಬ ದ್ರವ್ಯದಲ್ಲಿ 51 ಘಟಕಗಳು ಯಾವ ಕ್ರಮದಲ್ಲಿ ಪೋಣಿಸಲ್ಪಟ್ಟಿವೆಯೆಂಬುದನ್ನು ಹತ್ತು ವರ್ಷಗಳಿಗೂ ಮಿಕ್ಕಿದ ಪರಿಶ್ರಮದಿಂದ ಕಂಡುಹಿಡಿದುದಕ್ಕಾಗಿ 1958ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಅಷ್ಟಕ್ಕೆ ತೃಪ್ತನಾಗಿ ಆಡಳಿತದ ಪೀಠವನ್ನೇರಿ ಕೂರಬಹುದಾಗಿದ್ದಿತು. ಅವನು ಹಾಗೆ ಮಾಡದೆ ಪ್ರಯೋಗದ ಮೇಜಿನ ಮುಂದೆಯೇ ನಿಂತು, ಕೇಂಬ್ರಿಜ್‌ನ ಅಣುಜೀವಶಾಸ್ತ್ರದ ಪ್ರಯೋಗಶಾಲೆಯಲ್ಲಿ ಡಿ. ಎನ್. ಏ.ಯನ್ನು ಓದುವ ಕೆಲಸಕ್ಕೆ ಕೈಯಿಕ್ಕಿದನು.

ಸ್ಯಾಂಗರನ ಯುಕ್ತಿಯು ಇಂತಿರುವುದು. ಜೀವಕೋಶವು ಇಬ್ಭಾಗವಾಗುವಾಗ ಡಿ. ಎನ್. ಏ. ಪ್ರತಿಯಾಗಬೇಕಷ್ಟೆ. ಈ ಲಿಪಿಕಾರನ ಕೆಲಸವನ್ನು ಪಾಲಿಮರೇಸ್ ಎಂಬ ಕಿಣ್ವವು ಮಾಡುವುದು. ಅದು ಮಾತೃಕೆಯಾದ ಎಳೆಯನ್ನು ನೋಡಿಕೊಂಡು, ಅದರೆದುರಿಗೆ ಸರಿಹೊಂದುವ ಅಕ್ಷರಗಳನ್ನು ಒಂದೊಂದಾಗಿ ಜೋಡಿಸುತ್ತ ಹೋಗುವುದು. ಒಂದಕ್ಷರದ ಮುಂದೆ ಮತ್ತೊಂದನ್ನು ಜೋಡಿಸಬೇಕಾದರೆ, ಮೊದಲನೆಯ ಅಕ್ಷರದ ಸಕ್ಕರೆಯಲ್ಲಿ ಮೂರನೆಯ ಇಂಗಾಲದ ಮೇಲೆ ಆಮ್ಲಜನಕ ಮತ್ತು ಜಲಜನಕಗಳು ಕೂಡಿದ ಒಂದು ಕೈ ಚಾಚಿರಬೇಕು. ಮುಂದಿನ ಅಕ್ಷರದ ರಂಜಕವು ಆ ಕೈಯನ್ನು ಹಿಡಿಯುವುದು. ಆ ಕೈಯಿಲ್ಲದ ಅಕ್ಷರವನ್ನು ಕೊಟ್ಟರೆ ಏನಾಗುವುದು? ಲಿಪಿಕಾರನಾದ ಕಿಣ್ವವು ಮೋಸವನ್ನರಿಯದೆ ಅದನ್ನು ತೆಗೆದುಕೊಂಡು ಜೋಡಿಸುವುದು. ಆದರೆ ಅದರಾಚೆಗೆ ಹಿಡಿಯಲು ಕೈಯಿಲ್ಲದುದರಿಂದ ಸರಪಳಿಯು ಅಲ್ಲಿಗೇ ನಿಂತುಹೋಗುವುದು. ಇಂತಹ ಮೊಂಡು ಅಕ್ಷರಗಳಿಗೆ ಡೈಡಿಯಾಕ್ಸಿ ಅಕ್ಷರಗಳೆಂದು ಹೆಸರು. ಬೇಕಾದ ನಾಲ್ಕೂ ಬಗೆಗಳು ಆ ಕಾಲದಲ್ಲಿ ಅಂಗಡಿಯಲ್ಲಿ ಸುಲಭವಾಗಿ ದೊರೆಯುವ ವಸ್ತುಗಳಾಗಿರಲಿಲ್ಲ, ಪ್ರಯೋಗಶಾಲೆಯಲ್ಲಿಯೇ ತಯಾರಿಸಿಕೊಳ್ಳಬೇಕಾಯಿತು.

ಇನ್ನು ಪ್ರಯೋಗದ ಕ್ರಮ. ಓದಬೇಕಾದ ಎಳೆಯ ಅಸಂಖ್ಯ ಪ್ರತಿಗಳನ್ನು ನಾಲ್ಕು ನಳಿಗೆಗಳಲ್ಲಿ ಹಂಚುವರು. ಎಲ್ಲಿಂದ ಬರೆಯಲಾರಂಭಿಸಬೇಕೆಂಬುದನ್ನು ಕಿಣ್ವಕ್ಕೆ ತೋರಿಸುವುದಕ್ಕಾಗಿ ಪ್ರೈಮರ್ ಎಂಬ ಗಿಡ್ಡ ತುಂಡೊಂದನ್ನು ಹಾಕುವರು. ಕಿಣ್ವವನ್ನೂ ನಾಲ್ಕು ಬಗೆಯ ಒಳ್ಳೆಯ ಅಕ್ಷರಗಳನ್ನೂ ಧಾರಾಳವಾಗಿ ಸೇರಿಸುವರು. ಆಮೇಲೆ ಮೊದಲನೆಯ ನಳಿಗೆಗೆ ಮೊಂಡಾದ ಏ, ಎರಡನೆಯದಕ್ಕೆ ಮೊಂಡಾದ ಟಿ, ಮೂರನೆಯದಕ್ಕೆ ಜಿ, ನಾಲ್ಕನೆಯದಕ್ಕೆ ಸಿ, ಹೀಗೆ ಒಂದೊಂದನ್ನು ಅಳತೆಯಿಂದ ಬೆರೆಸುವರು. ಅಳತೆಯಲ್ಲಿಯೇ ಗುಟ್ಟಿರುವುದು. ಮೊಂಡಕ್ಷರವು ಹೆಚ್ಚಾದರೆ ಬರವಣಿಗೆಯೆಲ್ಲವೂ ಮೊದಲಿನಲ್ಲಿಯೇ ಕಡಿದುಹೋಗುವುದು. ಕಡಮೆಯಾದರೆ ನಿಲ್ಲುವುದೇ ಇಲ್ಲ. ಹದವಾಗಿದ್ದರೆ, ಮೊದಲನೆಯ ನಳಿಗೆಯಲ್ಲಿ ಕೆಲವು ಪ್ರತಿಗಳು ಮೊದಲ ಏ ಬಂದಲ್ಲಿ, ಕೆಲವು ಎರಡನೆಯ ಏ ಬಂದಲ್ಲಿ, ಇನ್ನು ಕೆಲವು ನೂರನೆಯದರಲ್ಲಿ ನಿಲ್ಲುವುವು. ಆ ನಳಿಗೆಯಲ್ಲಿ ಏಯಿಂದ ಕೊನೆಗೊಳ್ಳುವ ಎಲ್ಲ ಉದ್ದದ ತುಂಡುಗಳೂ ಇರುವುವೆಂದಾಯಿತು. ಮಿಕ್ಕ ಮೂರರಲ್ಲಿಯೂ ಹೀಗೆಯೇ. ಇನ್ನು ಉಳಿದುದೊಂದೇ ಕೆಲಸ: ತುಂಡುಗಳನ್ನು ಉದ್ದದ ಪ್ರಕಾರ ಒಂದೊಂದಕ್ಷರದ ವ್ಯತ್ಯಾಸಕ್ಕೂ ಬೇರೆಬೇರೆಯಾಗಿ ಸಾಲುಗೊಳಿಸುವುದು.

ಈ ಸಾಲುಗೊಳಿಸುವ ಸಾಧನವು ನೋಟಕ್ಕೆ ಬಹು ಸಾಧಾರಣವಾದುದು. ಎರಡು ಗಾಜಿನ ಹಲಗೆಗಳ ನಡುವೆ ಅರ್ಧ ಮಿಲಿಮೀಟರಿಗಿಂತಲೂ ಕಡಮೆಯಾದ ಸಂದು. ಅಂಚುಗಳನ್ನು ಪಟ್ಟಿಯಿಂದ ಭದ್ರವಾಗಿ ಮುಚ್ಚಿ, ಆ ಸಂದಿನಲ್ಲಿ ಅಕ್ರಿಲಮೈಡ್ ಎಂಬ ದ್ರಾವಣವನ್ನು ಸುರಿಯುವರು. ಅದು ಗಟ್ಟಿಯಾಗುವುದಕ್ಕೆ ಮುಂಚೆ ನರಗಳನ್ನು ಕೆಡಿಸುವ ವಿಷ, ಕೈಗವುಸಿಲ್ಲದೆ ಮುಟ್ಟಬಾರದು. ಎರಡು ಪ್ರೇರಕದ್ರವ್ಯಗಳನ್ನು ಬೆರೆಸಿದೊಡನೆ ಅಣುಗಳು ಹೆಣೆದುಕೊಂಡು ಜೆಲ್ ಎಂಬ ಮೃದುವಾದ ಜಾಲರಿಯಾಗಿ ಕಟ್ಟಿಕೊಳ್ಳುವುವು. ಬೆರೆಸಿದ ಮೇಲೆ ಸುರಿಯುವುದಕ್ಕೆ ದೊರೆಯುವ ಅವಕಾಶವು ಕೆಲವೇ ನಿಮಿಷಗಳು. ಸುರಿಯುವಾಗ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡರೂ ಆ ಸಾಲು ಡೊಂಕಾಗುವುದು. ಗಾಜಿನ ಮೇಲೆ ಬೆರಳಿನ ಜಿಡ್ಡು ಉಳಿದಿದ್ದರೆ ಗುಳ್ಳೆಯು ಅಲ್ಲಿಯೇ ಸಿಕ್ಕಿಕೊಳ್ಳುವುದು. ಆದುದರಿಂದ ಗಾಜನ್ನು ಮತ್ತೆ ಮತ್ತೆ ತೊಳೆಯುವುದೇ ಈ ಶಾಸ್ತ್ರದ ಮೊದಲನೆಯ ಪಾಠವಾಗಿದ್ದಿತು. ಡಿ. ಎನ್. ಏ. ತುಂಡು ತನ್ನ ಮೇಲೆಯೇ ಮಡಿಚಿಕೊಂಡು ಗಂಟಾಗದಿರಲೆಂದು ಜೆಲ್ಲಿನಲ್ಲಿ ಯೂರಿಯವನ್ನು ಬೆರೆಸುವರು. ಗದ್ದೆಗೆ ಹಾಕುವ ಆ ಯೂರಿಯವೇ ಇಲ್ಲಿ ಶುದ್ಧರೂಪದಲ್ಲಿ ಹುರಿಯನ್ನು ಬಿಡಿಸಿಡುವ ಕೆಲಸ ಮಾಡುವುದು.

ನಾಲ್ಕು ನಳಿಗೆಗಳ ದ್ರವವನ್ನು ಕುದಿಯುವಷ್ಟು ಕಾಯಿಸಿ ಎಳೆಗಳನ್ನು ಬೇರ್ಪಡಿಸಿ, ಜೆಲ್ಲಿನ ಮೇಲಂಚಿನ ನಾಲ್ಕು ಗೂಡುಗಳಲ್ಲಿ ತುಂಬಿ, ಸಾವಿರಕ್ಕೆ ಮೇಲ್ಪಟ್ಟ ವೋಲ್ಟುಗಳ ವಿದ್ಯುತ್ತನ್ನು ಹಾಯಿಸುವರು. ಡಿ. ಎನ್. ಏ.ಯ ರಂಜಕದ ಕೊಂಡಿಗಳಲ್ಲಿ ಋಣವಿದ್ಯುತ್ತು ಇರುವುದರಿಂದ ಅದು ಕೆಳಗಿನ ಧನಧ್ರುವದ ಕಡೆಗೆ ಜಾಲರಿಯ ಕಣ್ಣುಗಳಲ್ಲಿ ನುಸುಳುತ್ತ ಇಳಿಯುವುದು. ಗಿಡ್ಡ ತುಂಡು ಬೇಗನೆ ಇಳಿಯುವುದು, ಉದ್ದನೆಯದು ಹಿಂದುಳಿಯುವುದು. ವಿದ್ಯುತ್ತಿನಿಂದ ಜೆಲ್ಲು ಬಿಸಿಯಾಗುವುದು. ನಡುವೆ ಬಿಸಿ ಹೆಚ್ಚು, ಅಂಚಿನಲ್ಲಿ ಕಡಮೆ. ಆದುದರಿಂದ ನಡುವಣ ಸಾಲುಗಳು ಮುಂದೋಡಿ ಪಟ್ಟೆಗಳು ಬಾಗಿ ನಗುವಿನ ಆಕಾರವನ್ನು ತಾಳುವುವು. ಈ ನಗುವನ್ನು ಪ್ರಯೋಗಕಾರರು ಮೆಚ್ಚುವುದಿಲ್ಲ. ಅದನ್ನು ತಡೆಯಲು ಗಾಜಿನ ಹಿಂದೆ ಲೋಹದ ತಗಡನ್ನು ಕಟ್ಟಿ ಶಾಖವನ್ನು ಸಮನಾಗಿಸುವರು.

ತುಂಡುಗಳು ಸಾಲಾದುವು, ಸರಿ, ಕಾಣುವುದು ಹೇಗೆ? ಇಲ್ಲಿ ಓಲೆಗರಿಗೆ ಮಸಿಯನ್ನು ಸವರುವ ಕೆಲಸವನ್ನು ವಿಕಿರಣವುಳ್ಳ ರಂಜಕವು ಮಾಡಿತು. ಬರವಣಿಗೆಗೆ ಕೊಟ್ಟ ಅಕ್ಷರಗಳಲ್ಲಿ ಒಂದರ ರಂಜಕವು ಕಣ್ಣಿಗೆ ಕಾಣದ ಕಿರಣಗಳನ್ನು ಸೂಸುವ ಜಾತಿಯದಾಗಿರುವಂತೆ ಮೊದಲೇ ಏರ್ಪಡಿಸುವರು. ಜೆಲ್ಲಿನ ಮೇಲೆ ಎಕ್ಸ್-ಕಿರಣದ ಫಿಲ್ಮನ್ನು ಹಾಸಿ ಕತ್ತಲೆಯಲ್ಲಿಟ್ಟರೆ, ಡಿ. ಎನ್. ಏ. ಇರುವೆಡೆಯಲ್ಲೆಲ್ಲ ಫಿಲ್ಮು ಕಪ್ಪಾಗಿ, ಏಣಿಯ ಮೆಟ್ಟಿಲುಗಳಂತೆ ನಾಲ್ಕು ಸಾಲು ಪಟ್ಟೆಗಳು ಮೂಡುವುವು. ಎಲ್ಲಕ್ಕಿಂತ ಕೆಳಗಿನ ಪಟ್ಟೆ ಯಾವ ಸಾಲಿನಲ್ಲಿದೆಯೋ ಅದು ಮೊದಲ ಅಕ್ಷರ. ಅದರ ಮೇಲಣದು ಎರಡನೆಯದು. ಹೀಗೆ ಕೆಳಗಿನಿಂದ ಮೇಲಕ್ಕೆ ಬೆರಳಿಟ್ಟು ಓದುತ್ತ ಹೋಗುವರು. ಒಂದು ಫಿಲ್ಮಿನಿಂದ ದೊರೆಯುತ್ತಿದ್ದುದು ಕೆಲವು ನೂರು ಅಕ್ಷರಗಳು ಮಾತ್ರ. ಈ ವಿಧಾನವನ್ನು ಸ್ಯಾಂಗರನು ನಿಕ್ಲೆನ್, ಕೌಲ್ಸನ್ ಎಂಬ ಸಹಕಾರಿಗಳೊಡನೆ 1977ರ ಡಿಸೆಂಬರಿನಲ್ಲಿ ಪ್ರಕಟಿಸಿದನು.

ಪಾಠಶುದ್ಧಿಯ ಪ್ರಶ್ನೆಯು ಆಗಲೇ ಎದ್ದು ನಿಂತಿತು. ಅದೇ ವರ್ಷದ ಫೆಬ್ರವರಿಯಲ್ಲಿ ಸ್ಯಾಂಗರನ ಗುಂಪಿನವರು, ಬ್ಯಾಕ್ಟೀರಿಯವನ್ನು ಹಿಡಿಯುವ ಫೈ-ಎಕ್ಸ್ 174 ಎಂಬ ಅತಿ ಸಣ್ಣ ವೈರಸಿನ ಸಂಪೂರ್ಣ ಲಿಪಿಯನ್ನು, ಇದಕ್ಕೆ ಹಿಂದಿನ ತಮ್ಮದೇ ಆದ ಮತ್ತೊಂದು ವಿಧಾನದಿಂದ ಓದಿ, 5,375 ಅಕ್ಷರಗಳೆಂದು ಪ್ರಕಟಿಸಿದ್ದರು. ಡಿ. ಎನ್. ಏ. ಉಳ್ಳ ಒಂದು ಜೀವಿಯ ಪೂರ್ಣಗ್ರಂಥವನ್ನು ಓದಿದುದು ಅದೇ ಮೊದಲು. ಹೊಸ ವಿಧಾನವು ಕೈಗೆ ಬಂದ ಮೇಲೆ ಅವರು ತಮ್ಮ ಪಾಠವನ್ನು ತಾವೇ ಮತ್ತೊಮ್ಮೆ ಪರೀಕ್ಷಿಸಿ, 1978ರಲ್ಲಿ ಅದು 5,386 ಅಕ್ಷರಗಳೆಂದು ತಿದ್ದಿದರು. ಲೋಕವೆಲ್ಲ ಹೊಗಳುತ್ತಿರುವಾಗ ತನ್ನ ತಪ್ಪನ್ನು ತಾನೇ ಹುಡುಕಿ ಹೇಳುವುದು ಸಾಮಾನ್ಯವಾದ ಗುಣವಲ್ಲ. ಎದುರುಬದುರಾದ ಎರಡು ಎಳೆಗಳನ್ನೂ ಬೇರೆಬೇರೆಯಾಗಿ ಓದಿ, ಎರಡೂ ಒಪ್ಪಿದರೆ ಮಾತ್ರ ಪಾಠವನ್ನು ಸ್ವೀಕರಿಸುವ ನಿಯಮವು ಇಂತಹ ಅನುಭವದಿಂದ ದೃಢಪಟ್ಟಿತು.

ಅದೇ 1977ರಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿ ಮ್ಯಾಕ್ಸಮ್ ಮತ್ತು ಗಿಲ್ಬರ್ಟ್ ಎಂಬವರು ಬೇರೊಂದು ಮಾರ್ಗವನ್ನು ತೋರಿಸಿದರು. ಅವರು ಬರೆಯಿಸಿ ಓದಲಿಲ್ಲ, ಕಡಿದು ಓದಿದರು. ಡೈಮಿಥೈಲ್ ಸಲ್ಫೇಟ್, ಹೈಡ್ರಜೀನ್, ಫಾರ್ಮಿಕ್ ಆಮ್ಲಗಳು ಬೇರೆಬೇರೆ ಅಕ್ಷರಗಳನ್ನು ಗಾಯಗೊಳಿಸುವುವು. ಆಮೇಲೆ ಪಿಪೆರಿಡೀನ್ ಎಂಬ ದ್ರವವು ಗಾಯವಾದಲ್ಲಿ ಎಳೆಯನ್ನು ಕತ್ತರಿಸುವುದು. ಮೊದಮೊದಲು ಈ ಮಾರ್ಗವೇ ಹೆಚ್ಚು ಬಳಕೆಗೆ ಬಂದಿತು. ಆದರೆ ಆ ದ್ರವ್ಯಗಳಲ್ಲಿ ಮೊದಲೆರಡು ಘೋರವಾದ ವಿಷಗಳು. ಯಂತ್ರಕ್ಕೆ ಒಗ್ಗಿಸಲೂ ತೊಡಕಾದುವು. ಕಿಣ್ವದಿಂದ ಬರೆಯಿಸುವ ಸೌಮ್ಯಮಾರ್ಗವೇ ಕೊನೆಗೆ ನೆಲೆನಿಂತಿತು. 1980ರ ನೊಬೆಲ್ ಪಾರಿತೋಷಕವನ್ನು ಸ್ಯಾಂಗರನೂ ಗಿಲ್ಬರ್ಟನೂ ಪಾಲ್ ಬರ್ಗ್ ಎಂಬ ಮತ್ತೊಬ್ಬ ವಿಜ್ಞಾನಿಯೊಡನೆ ಹಂಚಿಕೊಂಡರು.

ಇಷ್ಟಾದರೂ, ಒಂದು ಫಿಲ್ಮಿಗೆ ಕೆಲವು ನೂರು ಅಕ್ಷರಗಳಂತೆ 300 ಕೋಟಿಯನ್ನು ಓದಿ ಮುಗಿಸುವುದೆಂದು? ಕೈಕೆಲಸವು ಯಂತ್ರಕ್ಕೆ ಸಾಗಬೇಕಾಗಿದ್ದಿತು. 1986ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಲೆರಾಯ್ ಹುಡ್, ಲಾಯ್ಡ್ ಸ್ಮಿತ್ ಮೊದಲಾದವರು ವಿಕಿರಣದ ರಂಜಕಕ್ಕೆ ಬದಲಾಗಿ ವರ್ಣದ್ರವ್ಯಗಳನ್ನು ಬಳಸಿದರು. ಲೇಸರ್ ಎಂಬ ತೀಕ್ಷ್ಣವಾದ ಬೆಳಕು ಬಿದ್ದೊಡನೆ ಒಂದೊಂದೂ ತನ್ನ ತನ್ನ ಬಣ್ಣದಲ್ಲಿ ಹೊಳೆಯುವ ನಾಲ್ಕು ವರ್ಣಗಳು, ನಾಲ್ಕು ಅಕ್ಷರಗಳಿಗೆ ನಾಲ್ಕು. ಬಣ್ಣದಿಂದಲೇ ಅಕ್ಷರವು ತಿಳಿಯುವುದರಿಂದ ನಾಲ್ಕು ಸಾಲುಗಳು ಬೇಕಾಗಲಿಲ್ಲ. ಒಂದೇ ಸಾಲು ಸಾಕಾಯಿತು. ಜೆಲ್ಲಿನ ಕೆಳತುದಿಯಲ್ಲಿ ಲೇಸರೊಂದು ಕಾವಲಿದ್ದು, ಹಾದುಹೋಗುವ ತುಂಡಿನ ಬಣ್ಣವನ್ನು ಗುರುತಿಸಿ ಗಣಕಯಂತ್ರಕ್ಕೆ ತಿಳಿಸುವುದು. ಮರುವರ್ಷವೇ ಅಪ್ಲೈಡ್ ಬಯೋಸಿಸ್ಟಮ್ಸ್ ಎಂಬ ಕಂಪೆನಿಯು ಇಂತಹ ಯಂತ್ರವನ್ನು ಮಾರಾಟಕ್ಕೆ ತಂದಿತು.

ಲಿಪಿಕಾರನಾದ ಕಿಣ್ವವೂ ಸುಧಾರಿಸಬೇಕಾಗಿದ್ದಿತು. ಮೊದಲಿನ ಕಿಣ್ವವು ಕುದಿಯುವ ಶಾಖಕ್ಕೆ ಕೆಟ್ಟುಹೋಗುತ್ತಿದ್ದಿತು. ಅಮೆರಿಕದ ಯೆಲ್ಲೊಸ್ಟೋನ್ ಎಂಬ ಅರಣ್ಯಪ್ರದೇಶದ ಬಿಸಿನೀರಿನ ಬುಗ್ಗೆಯಲ್ಲಿ ಬದುಕುವ ಬ್ಯಾಕ್ಟೀರಿಯವೊಂದನ್ನು ಥಾಮಸ್ ಬ್ರಾಕ್ ಮತ್ತು ಅವನ ವಿದ್ಯಾರ್ಥಿಯಾದ ಹಡ್ಸನ್ ಫ್ರೀಜ್ 1969ರಲ್ಲಿ ವರ್ಣಿಸಿದ್ದರು. ಬಿಸಿನೀರಿನಲ್ಲಿ ಜೀವಿಸುವ ಪ್ರಾಣಿಯನ್ನು ಕಂಡುದರಿಂದ ಲೋಕಕ್ಕೆ ಏನು ಪ್ರಯೋಜನವೆಂದು ಆಗ ಯಾರೂ ಹೇಳಲಾರರಾಗಿದ್ದರು. ಅದರ ಕಿಣ್ವವು 95 ಡಿಗ್ರಿಯ ಶಾಖದಲ್ಲಿಯೂ ಕೆಡುವುದಿಲ್ಲವಾದುದರಿಂದ, ಒಂದೇ ನಳಿಗೆಯನ್ನು ಕಾಯಿಸಿ ಆರಿಸಿ ಮತ್ತೆ ಕಾಯಿಸಿ, ಇಪ್ಪತ್ತು ಮೂವತ್ತು ಸಲ ಬರೆಯಿಸುವುದು ಸಾಧ್ಯವಾಯಿತು. ಅತ್ಯಲ್ಪವಾದ ಮಾತೃಕೆಯಿಂದಲೂ ಓದುವಷ್ಟು ಪ್ರತಿಗಳು ದೊರೆತುವು. ಆದರೂ ಒಂದು ಕೊರತೆಯುಳಿಯಿತು. ಈ ಕಿಣ್ವಕ್ಕೆ ಮೊಂಡಕ್ಷರಗಳೆಂದರೆ ಅಷ್ಟಾಗಿ ಒಗ್ಗದು. ಅವನ್ನು ಕಂಡಲ್ಲಿ ಒಳ್ಳೆಯದನ್ನೇ ಆರಿಸಿಕೊಳ್ಳುವುದು. 1995ರಲ್ಲಿ ಟೇಬರ್ ಮತ್ತು ರಿಚರ್ಡ್‌ಸನ್ ಎಂಬವರು, ಕಿಣ್ವದ ನೂರಾರು ಘಟಕಗಳಲ್ಲಿ ಒಂದೇ ಒಂದನ್ನು, ಅಂದರೆ ಫಿನೈಲಲನೀನ್ ಎಂಬುದನ್ನು ತೆಗೆದು ಟೈರೊಸೀನ್ ಎಂಬುದನ್ನಿಟ್ಟರೆ ಈ ಪಕ್ಷಪಾತವು ಹೋಗುವುದೆಂದು ತೋರಿಸಿದರು. ಆ ಎರಡು ಘಟಕಗಳಿಗಿರುವ ಅಂತರವು ಒಂದೇ ಆಮ್ಲಜನಕದ ಪರಮಾಣು! ಅಷ್ಟರಿಂದ ಪಟ್ಟೆಗಳೆಲ್ಲವೂ ಹೆಚ್ಚುಕಡಮೆ ಸಮನಾಗಿ ಮೂಡಿ, ಓದು ಸುಗಮವಾಯಿತು.

ಇದಾದ ಮೇಲೆ ಗಾಜಿನ ಹಲಗೆಗಳೂ ಹೋದುವು. ಕೂದಲೆಳೆಯಷ್ಟು ಸೂಕ್ಷ್ಮವಾದ ರಂಧ್ರವುಳ್ಳ ಗಾಜಿನ ನಾಳಗಳಲ್ಲಿ ಹರಿಯುವ ಜೆಲ್ಲನ್ನು ಯಂತ್ರವೇ ತುಂಬಿ, ಯಂತ್ರವೇ ಓದಿ, ಯಂತ್ರವೇ ಹೊರಚೆಲ್ಲುವ ಏರ್ಪಾಡು ಬಂದಿತು. ತೆಳ್ಳನೆಯ ನಾಳದಿಂದ ಶಾಖವು ಬೇಗನೆ ಹೊರಹೋಗುವುದರಿಂದ ಹೆಚ್ಚಿನ ವಿದ್ಯುತ್ತನ್ನು ಹಾಯಿಸಬಹುದು. ಆ ಹಳೆಯ ನಗುವೂ ಇಲ್ಲ. 1990ರ ದಶಕದ ಕೊನೆಗೆ 96 ನಾಳಗಳು ಏಕಕಾಲದಲ್ಲಿ ಓದುವ ಯಂತ್ರಗಳು ಸಾಲುಸಾಲಾಗಿ ನಿಂತುವು. ಮನುಷ್ಯನ ಲಿಪಿಯನ್ನೆಲ್ಲ ಓದುವ ಮಹಾಕಾರ್ಯವು 1990ರಲ್ಲಿ ಆರಂಭವಾಗಿ, ಅಮೆರಿಕ, ಇಂಗ್ಲೆಂಡ್, ಜಪಾನ್, ಫ್ರಾನ್ಸ್, ಜರ್ಮನಿ, ಚೀನ ಎಂಬ ಆರು ದೇಶಗಳ ಸಹಕಾರದಿಂದ 2003ರಲ್ಲಿ ಮುಗಿದುದು ಇವುಗಳ ಬಲದಿಂದಲೇ. ಆಗಲೂ ನೂರರಲ್ಲಿ ಸುಮಾರು ಎಂಟು ಪಾಲು ಓದಲಾಗದೆ ಉಳಿದಿದ್ದು, ಅದು ಪೂರ್ಣವಾದುದು 2022ರಲ್ಲಿ.

ಯಂತ್ರವು ಓದತೊಡಗಿದ ಮೇಲೆ ಪಾಠಶುದ್ಧಿಯ ಪ್ರಶ್ನೆಗೆ ಒಂದು ಸೊಗಸಾದ ಉತ್ತರವು ದೊರೆಯಿತು. 1998ರಲ್ಲಿ ಫಿಲ್ ಗ್ರೀನ್, ಬ್ರೆಂಟ್ ಯೂಯಿಂಗ್ ಮೊದಲಾದವರು ಫ್ರೆಡ್ ಎಂಬ ಗಣಕಸೂತ್ರವನ್ನು ಪ್ರಕಟಿಸಿದರು. ಅದು ಪ್ರತಿಯೊಂದಕ್ಷರವನ್ನು ಹೇಳುವಾಗಲೂ ತನಗೆ ಎಷ್ಟು ಸಂದೇಹವುಂಟೆಂಬುದನ್ನು ಅಂಕಿಯಲ್ಲಿ ಹೇಳುವುದು. 10 ಎಂದರೆ ಹತ್ತರಲ್ಲೊಂದು ತಪ್ಪಿರಬಹುದು. 20 ಎಂದರೆ ನೂರರಲ್ಲೊಂದು. 30 ಎಂದರೆ ಸಾವಿರದಲ್ಲೊಂದು. ಬಲ್ಲೆನೆಂದು ಹೇಳುವ ಯಂತ್ರಕ್ಕಿಂತ, ಎಷ್ಟು ಬಲ್ಲೆನೆಂದು ಹೇಳುವ ಯಂತ್ರವು ಹೆಚ್ಚು ವಿಶ್ವಾಸಾರ್ಹವಾದುದು. ಒಂದೊಂದು ಭಾಗವನ್ನೂ ಹತ್ತಾರು ಸಲ ಓದಿ, ಸಂದೇಹದ ಅಂಕಿಗಳನ್ನು ತೂಗಿ, ಬಹುಮತದಿಂದ ಪಾಠವನ್ನು ನಿರ್ಣಯಿಸುವ ಪದ್ಧತಿಯು ಇಂದಿಗೂ ನಡೆದುಬಂದಿದೆ. ಹತ್ತು ಸಾವಿರ ಅಕ್ಷರಗಳಿಗೆ ಒಂದಕ್ಕಿಂತ ಹೆಚ್ಚು ತಪ್ಪಿರಕೂಡದೆಂಬುದು ಮೇಲೆ ಹೇಳಿದ ಮಹಾಕಾರ್ಯದವರು ತಮಗೆ ತಾವೇ ವಿಧಿಸಿಕೊಂಡ ಕಟ್ಟಳೆ.

ಇನ್ನು ಮೂರನೆಯ ಪ್ರಶ್ನೆ: ಪಾಠವು ಯಾರ ಸ್ವತ್ತು? 1996ರ ಫೆಬ್ರವರಿಯಲ್ಲಿ ಬರ್ಮುಡ ದ್ವೀಪದಲ್ಲಿ ಆ ಕಾರ್ಯದ ಮುಖ್ಯಸ್ಥರು ಸಭೆಗೂಡಿದರು. ಜಾನ್ ಸಲ್ಸ್ಟನ್, ರಾಬರ್ಟ್ ವಾಟರ್ಸ್ಟನ್ ಎಂಬವರ ಒತ್ತಾಯದಿಂದ, ಓದಿದ ಪಾಠವನ್ನು 24 ಗಂಟೆಗಳೊಳಗೆ ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆಲ್ಲ ತೆರೆದಿಡಬೇಕೆಂದು ನಿರ್ಣಯಿಸಿದರು. ವಿದ್ವಾಂಸರಿಗೆ ಇದು ಸುಲಭವಾದ ತ್ಯಾಗವಲ್ಲ. ಬೆವರಿಳಿಸಿ ಓದಿದುದನ್ನು ತಮ್ಮ ಹೆಸರಿನ ಪ್ರಬಂಧವು ಅಚ್ಚಾಗುವ ಮೊದಲೇ ಪರರ ಕೈಗಿಡುವುದು. 1998ರಲ್ಲಿ ಸೆಲೆರ ಎಂಬ ಕಂಪೆನಿಯು ಅದೇ ಲಿಪಿಯನ್ನು ತಾನು ಬೇಗನೆ ಓದುವೆನೆಂದು ಪಂಥಕ್ಕೆ ನಿಂತಿತು. ಅದರ ಪಾಠವನ್ನು ನಿರ್ಬಂಧಗಳೊಡನೆ ಮಾತ್ರ ಕೊಡುವ ಏರ್ಪಾಡಿದ್ದಿತು. ಸಾರ್ವಜನಿಕರ ಪಾಠವು ದಿನದಿನವೂ ತೆರೆದಿದ್ದುದರಿಂದ ಮನುಷ್ಯನ ಲಿಪಿಯು ಯಾರೊಬ್ಬರ ಪೆಟ್ಟಿಗೆಯಲ್ಲಿಯೂ ಬೀಗದೊಳಗೆ ಬೀಳಲಿಲ್ಲ. ಬಳಿಕ 2013ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ಸ್ತನದ ಅರ್ಬುದರೋಗಕ್ಕೆ ಸಂಬಂಧಪಟ್ಟ ಎರಡು ಭಾಗಗಳ ಮೇಲಿನ ವ್ಯಾಜ್ಯದಲ್ಲಿ, ಪ್ರಕೃತಿಯಲ್ಲಿರುವ ಡಿ. ಎನ್. ಏ.ಯನ್ನು ಕೇವಲ ಬೇರ್ಪಡಿಸಿದ ಮಾತ್ರಕ್ಕೆ ಯಾರೂ ಅದರ ಮೇಲೆ ಏಕಸ್ವಾಮ್ಯವನ್ನು ಪಡೆಯಲಾಗದೆಂದು ಒಮ್ಮತದಿಂದ ತೀರ್ಪಿತ್ತಿತು.

ಯಂತ್ರಗಳ ಬೆಳವಣಿಗೆಯು ಅಲ್ಲಿಗೆ ನಿಲ್ಲಲಿಲ್ಲ. ಮದರಾಸಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದ ಶಂಕರ ಬಾಲಸುಬ್ರಹ್ಮಣ್ಯನ್ ಮತ್ತು ಡೇವಿಡ್ ಕ್ಲೆನರ್‌ಮನ್ ಎಂಬ ಕೇಂಬ್ರಿಜ್‌ನ ರಸಾಯನಶಾಸ್ತ್ರಜ್ಞರು 1990ರ ದಶಕದ ಕೊನೆಯಲ್ಲಿ ಹೊಸದೊಂದು ದಾರಿಯನ್ನು ಹುಡುಕಿದರು. ಸ್ಯಾಂಗರನ ಮೊಂಡಕ್ಷರವು ಶಾಶ್ವತವಾಗಿ ಮೊಂಡಾದುದು. ಇವರು ಅದೇ ಸ್ಥಳದಲ್ಲಿ, ಎಂದರೆ ಸಕ್ಕರೆಯ ಮೂರನೆಯ ಇಂಗಾಲದ ಕೈಯ ಮೇಲೆ, ತೆಗೆಯಬಹುದಾದ ಬೀಗವನ್ನು ಹಾಕಿದರು. ಕಿಣ್ವವು ಬೀಗವುಳ್ಳ ಬಣ್ಣದ ಅಕ್ಷರವೊಂದನ್ನು ಜೋಡಿಸಿ ನಿಲ್ಲುವುದು. ಬೆಳಕನ್ನು ಬೀರಿ ಬಣ್ಣವನ್ನು ಚಿತ್ರ ಹಿಡಿಯುವರು. ರಂಜಕದ ಸಂಯುಕ್ತವೊಂದನ್ನು ಹರಿಯಿಸಿದರೆ ಬೀಗವೂ ಬಣ್ಣವೂ ಕಳಚಿಕೊಂಡು ಕೈಯು ತೆರವಾಗುವುದು. ಆಗ ಮುಂದಿನ ಅಕ್ಷರ. ನಿಂತು ಓದಿ ಮತ್ತೆ ನಡೆಯುವ ಈ ಕ್ರಮವು ಗಾಜಿನ ತಗಡೊಂದರ ಮೇಲೆ ಕೋಟ್ಯಂತರ ಕಡೆಗಳಲ್ಲಿ ಏಕಕಾಲದಲ್ಲಿ ನಡೆಯುವುದು. ಒಂದೇ ಅಣುವಿನ ಹೊಳಪು ಮಸಕಾದುದರಿಂದ, ಗಾಜಿಗೆ ಅಂಟಿದ ಪ್ರತಿಯೊಂದು ತುಂಡನ್ನೂ ಅಲ್ಲಲ್ಲಿಯೇ ಸಾವಿರದಷ್ಟು ಪ್ರತಿಗಳ ಗುಂಪಾಗಿ ಮೊದಲೇ ಬೆಳೆಸುವರು. ಈ ಸಾಮೂಹಿಕ ಪಠನದಲ್ಲಿ ಒಂದು ದೋಷವುಂಟು: ಭಜನೆಯಲ್ಲಿ ಕೆಲವರು ತಾಳ ತಪ್ಪಿ ಹಿಂದುಳಿದಂತೆ, ಗುಂಪಿನ ಕೆಲವು ಪ್ರತಿಗಳು ಒಂದೊಂದು ಹೆಜ್ಜೆ ಹಿಂದೆ ಬೀಳುವುವು, ನೂರಿನ್ನೂರು ಅಕ್ಷರಗಳಾಗುವಷ್ಟರಲ್ಲಿ ಬಣ್ಣಗಳು ಬೆರೆತು ಓದು ಮಸಕಾಗುವುದು. ಆದುದರಿಂದ ಈ ಯಂತ್ರದ ಓದು ಗಿಡ್ಡವಾದುದು. ಗಿಡ್ಡ ಓದುಗಳ ರಾಶಿಯನ್ನು ಗಣಕಯಂತ್ರವು ಒಂದಕ್ಕೊಂದು ಹೊಂದಿಸಿ ಕೂಡಿಸಬೇಕು. ಇವರ ಕಂಪೆನಿಯಾದ ಸೊಲೆಕ್ಸವನ್ನು 2007ರಲ್ಲಿ ಇಲ್ಯುಮಿನ ಎಂಬ ಕಂಪೆನಿಯು ಕೊಂಡುಕೊಂಡಿತು. ಈ ಬಗೆಯ ಯಂತ್ರಗಳು ಲೋಕದಲ್ಲೆಲ್ಲ ಹರಡಿದುವು.

ಮತ್ತೊಂದು ಮಾರ್ಗದಲ್ಲಿ ಬಣ್ಣವೂ ಇಲ್ಲ, ಮೊಂಡಕ್ಷರವೂ ಇಲ್ಲ. ವಿದ್ಯುತ್ತನ್ನು ತಡೆಯುವ ಪೊರೆಯೊಂದರಲ್ಲಿ ಒಂದು ಪ್ರೋಟೀನಿನ ರಂಧ್ರ, ಅದರೊಳಗಿಂದ ಡಿ. ಎನ್. ಏ. ಎಳೆಯು ಸೂಜಿಯ ಕಣ್ಣಿನಲ್ಲಿ ದಾರವು ಹೋದಂತೆ ನುಸುಳುವಾಗ, ರಂಧ್ರದಲ್ಲಿ ಹರಿಯುವ ವಿದ್ಯುತ್ತು ಅಕ್ಷರಗಳಿಗೆ ತಕ್ಕಂತೆ ಏರಿಳಿಯುವುದು. ಎಳೆಯು ಒಮ್ಮೆಲೇ ಜಾರಿಹೋಗದಂತೆ ಮತ್ತೊಂದು ಕಿಣ್ವವು ಅದನ್ನು ಹಿಡಿಹಿಡಿದು ಬಿಡುವುದು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದಾದ ಇಂತಹ ಯಂತ್ರವನ್ನು 2015ರಲ್ಲಿ ಆಫ್ರಿಕದ ಗಿನಿ ದೇಶಕ್ಕೆ ಪ್ರಯಾಣದ ಪೆಟ್ಟಿಗೆಗಳಲ್ಲಿ ಒಯ್ದು, ಎಬೋಲ ಎಂಬ ಮಾರಕರೋಗದ ವೈರಸಿನ ಲಿಪಿಯನ್ನು, ಮಾದರಿಯು ಕೈಸೇರಿದ 24 ಗಂಟೆಗಳೊಳಗಾಗಿ ಓದಿ, ರೋಗವು ಯಾರಿಂದ ಯಾರಿಗೆ ಹರಡುತ್ತಿದೆಯೆಂಬುದನ್ನು ಕಂಡುಕೊಂಡರು. ಒಂದೊಂದು ಓದಿನಲ್ಲಿ ತಪ್ಪುಗಳು ಹೆಚ್ಚಾಗಿದ್ದರೂ ಬಹಳ ಉದ್ದನೆಯ ಎಳೆಗಳನ್ನು ಒಂದೇ ಹಿಡಿತದಲ್ಲಿ ಓದುವ ಶಕ್ತಿಯು ಇದಕ್ಕುಂಟು. 2022ರಲ್ಲಿ ಮನುಷ್ಯಲಿಪಿಯ ಉಳಿದ ಭಾಗಗಳು ಪೂರ್ಣವಾಗುವುದಕ್ಕೆ ಇಂತಹ ದೀರ್ಘಪಠನದ ಯಂತ್ರಗಳೇ ಕಾರಣವಾದುವು.

ಈ ವಿದ್ಯೆಯಿಂದ ಜನಸಾಮಾನ್ಯರಿಗೆ ಆಗುವ ಪ್ರಯೋಜನವೇನೆಂದು ಕೇಳುವುದು ಸಹಜ. 2020ರ ಜನವರಿಯಲ್ಲಿ ಚೀನದಲ್ಲಿ ಹೊಸ ಕೊರೋನ ವೈರಸಿನ ಸುಮಾರು 30,000 ಅಕ್ಷರಗಳ ಪಾಠವು ಬಹಿರಂಗವಾದುದರಿಂದಲೇ, ಲೋಕದ ಎಲ್ಲೆಡೆಯಲ್ಲಿಯೂ ಪರೀಕ್ಷೆಯೂ ಲಸಿಕೆಯೂ ಶೀಘ್ರವಾಗಿ ಸಿದ್ಧವಾದುವು. ಆ ವೈರಸಿನದು ಡಿ. ಎನ್. ಏ. ಅಲ್ಲ, ಅದರ ಜ್ಞಾತಿಯಾದ ಆರ್. ಎನ್. ಏ.; ಅದನ್ನು ಡಿ. ಎನ್. ಏ. ರೂಪಕ್ಕೆ ನಕಲು ಮಾಡಿ ಇದೇ ಯಂತ್ರಗಳಿಂದ ಓದಿದರು. ಇನ್ನು ಹತ್ತಿರದ ಮಾತು. ದಕ್ಷಿಣ ದೇಶದ ವೈಶ್ಯ ಸಮುದಾಯದಲ್ಲಿ, ರಕ್ತದಲ್ಲಿರುವ ಒಂದು ಕಿಣ್ವದ ಕೊರತೆಯು ಇತರರಿಗಿಂತ ಹೆಚ್ಚಾಗಿರುವುದು. ಈ ಕೊರತೆಯವರು ನಿತ್ಯಜೀವನದಲ್ಲಿ ಆರೋಗ್ಯವಂತರೇ. ಆದರೆ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಸ್ನಾಯುಗಳನ್ನು ಸಡಿಲಿಸಲು ಕೊಡುವ ಒಂದು ಔಷಧವು ಇವರಲ್ಲಿ ಬೇಗನೆ ಇಳಿಯದೆ, ಉಸಿರಾಟವೇ ನಿಲ್ಲುವ ಅಪಾಯವುಂಟು. ಲಿಪಿಯಲ್ಲಿನ ಅಲ್ಪ ವ್ಯತ್ಯಾಸವನ್ನು ಮೊದಲೇ ಅರಿತರೆ ವೈದ್ಯನು ಬೇರೆ ಔಷಧವನ್ನು ಕೊಡುವನು, ಪ್ರಾಣವು ಉಳಿಯುವುದು. ತಮ್ಮೊಳಗೆಯೇ ಕೊಳುಕೊಡೆಯನ್ನು ನಡೆಸಿಕೊಂಡು ಬಂದ ಭರತಖಂಡದ ಅನೇಕ ಸಮುದಾಯಗಳಲ್ಲಿ ಇಂತಹ ವಿಶೇಷಗಳು ಇರುವುದರಿಂದ, ಪರದೇಶದವರ ಪಾಠವನ್ನೇ ನಂಬಿ ಇಲ್ಲಿಯ ರೋಗಿಗೆ ಚಿಕಿತ್ಸೆ ಮಾಡುವುದು ಸಾಲದು. ಇದನ್ನರಿತು, 2020ರಲ್ಲಿ ಆರಂಭವಾದ ಜೀನೋಮ್ ಇಂಡಿಯ ಎಂಬ ಕಾರ್ಯದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರದ ಮುಂದಾಳುತನದಲ್ಲಿ ದೇಶದ 20 ಸಂಸ್ಥೆಗಳು ಕೂಡಿ, ಸುಮಾರು 10,000 ಭಾರತೀಯರ ಲಿಪಿಯನ್ನು ಓದಿ, 2025ರ ಜನವರಿಯಲ್ಲಿ ಆ ಸಾಮಗ್ರಿಯನ್ನು ಸಂಶೋಧಕರಿಗೆ ದೊರೆಯುವಂತೆ ಮಾಡಿದುವು.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳದಿದ್ದರೆ ವಿಷಯವು ಅಪೂರ್ಣವಾಗುವುದು. ಒಬ್ಬನ ಲಿಪಿಯು ಅವನೊಬ್ಬನದೇ ಅಲ್ಲ. ಅದರಲ್ಲಿ ಅರ್ಧವು ತಂದೆಯದು, ಅರ್ಧವು ತಾಯಿಯದು, ಅದರ ಪಾಲು ಮಕ್ಕಳದು. ಲೋಕಕ್ಕೆ ತೆರೆದಿಡಬೇಕಾದುದು ಮನುಷ್ಯಕುಲದ ಸಾಮಾನ್ಯಪಾಠವೇ ಹೊರತು, ಒಬ್ಬ ಮನುಷ್ಯನ ಗುಟ್ಟಲ್ಲ. ಅದನ್ನು ಅವನ ಒಪ್ಪಿಗೆಯಿಲ್ಲದೆ ಬಯಲಿಗಿಡಬಾರದು. ಇದು ಒಂದು. ಲಿಪಿಯಲ್ಲಿ ಒಂದಕ್ಷರವು ಬೇರೆಯಾಗಿದ್ದ ಮಾತ್ರಕ್ಕೆ ಅದನ್ನು ಹಣೆಬರಹವೆಂದು ತಿಳಿಯಬಾರದು. ಎಷ್ಟೋ ಪಾಠಾಂತರಗಳು ನಿರುಪದ್ರವಿಗಳು. ಎಷ್ಟೋ ರೋಗಗಳಲ್ಲಿ ಆಹಾರ, ನೀರು, ದುಡಿಮೆ, ವಾಸಸ್ಥಳಗಳಿಗೂ ಪಾಲುಂಟು. ಸಂದೇಹಾಸ್ಪದವಾದ ಒಂದಕ್ಷರವನ್ನು ಆಧಾರವಾಗಿಟ್ಟುಕೊಂಡು ಒಂದು ಮನೆಯವರಿಗೆ ದುಃಖದ ಮಾತನ್ನು ಹೇಳುವುದಕ್ಕೆ ಮೊದಲು, ಅದನ್ನು ಮತ್ತೊಂದು ವಿಧಾನದಿಂದ ಓದಿ ನಿಶ್ಚಯಿಸುವುದು ಕರ್ತವ್ಯ. ಹೊಸ ಯಂತ್ರಗಳು ಕೋಟಿಗಟ್ಟಲೆ ಅಕ್ಷರಗಳನ್ನು ಓದುತ್ತಿರುವ ಈ ಕಾಲದಲ್ಲಿಯೂ ಅಂತಹ ನಿಶ್ಚಯಕ್ಕಾಗಿ ಅನೇಕ ಪ್ರಯೋಗಶಾಲೆಗಳು ಸ್ಯಾಂಗರನ ಮೊಂಡಕ್ಷರದ ವಿಧಾನವನ್ನೇ ಆಶ್ರಯಿಸುವುವು. ಇದು ಎರಡು.

ಫೈ-ಎಕ್ಸ್ 174 ಎಂಬ ಆ ಸಣ್ಣ ವೈರಸಿನ ಕಥೆಯೂ ಮುಗಿದಿಲ್ಲ. ಬಾಲಸುಬ್ರಹ್ಮಣ್ಯನ್ನರ ಕಂಪೆನಿಯವರು 2005ರಲ್ಲಿ ತಮ್ಮ ಹೊಸ ವಿಧಾನದಿಂದ ಮೊಟ್ಟಮೊದಲು ಪೂರ್ಣವಾಗಿ ಓದಿದುದು ಅದನ್ನೇ. ಈಗಲೂ ಆ ಯಂತ್ರಗಳಲ್ಲಿ ಅಪರಿಚಿತವಾದ ಲಿಪಿಯನ್ನು ಓದುವಾಗ, ಈ ವೈರಸಿನ ಡಿ. ಎನ್. ಏ.ಯನ್ನು ಸ್ವಲ್ಪಮಟ್ಟಿಗೆ ಬೆರೆಸುವ ರೂಢಿಯುಂಟು. ಅದರ ಶುದ್ಧಪಾಠವು ಎಲ್ಲರಿಗೂ ತಿಳಿದಿರುವುದರಿಂದ, ಅದನ್ನು ಯಂತ್ರವು ಎಷ್ಟು ಸರಿಯಾಗಿ ಓದಿತೆಂಬುದೇ ಆ ದಿನದ ಓದಿಗೆ ಒರೆಗಲ್ಲು. ತಪ್ಪನ್ನು ಒಪ್ಪಿ ತಿದ್ದಿದ ಗ್ರಂಥವೇ ಮಿಕ್ಕ ಗ್ರಂಥಗಳ ತಪ್ಪನ್ನು ಅಳೆಯುವ ಕೋಲಾಯಿತು.

ಸ್ಯಾಂಗರನು 1983ರಲ್ಲಿ ನಿವೃತ್ತನಾಗಿ ಕೇಂಬ್ರಿಜ್‌ನ ಬಳಿಯ ಹಳ್ಳಿಯಲ್ಲಿ ತೋಟದ ಕೆಲಸವನ್ನು ಮಾಡಿಕೊಂಡಿದ್ದನು. ಸರದಾರ ಪದವಿಯನ್ನು ಕೊಡಬಂದಾಗ, ಜನರು ತನ್ನನ್ನು ಬೇರೆಯವನಂತೆ ಕಾಣುವರೆಂದು ಬೇಡವೆಂದನು. 2013ರಲ್ಲಿ ಆತನು ತೀರಿಕೊಂಡನು. ಅವನು ಬಿಟ್ಟುಹೋದುದು ಒಂದು ವಿಧಾನ ಮಾತ್ರವಲ್ಲ, ಒಂದು ನಡತೆ: ಗಾಜನ್ನು ತಾನೇ ತೊಳೆಯುವುದು, ಕಂಡುದನ್ನೇ ಹೇಳುವುದು, ಹೇಳಿದುದನ್ನು ಮತ್ತೆ ಪರೀಕ್ಷಿಸುವುದು, ಪರೀಕ್ಷಿಸಿ ನಿಂತುದನ್ನು ಎಲ್ಲರಿಗೂ ಹಂಚುವುದು. ಕಾಯಕವೆಂಬ ಮಾತಿನ ಬೆಲೆಯನ್ನು ಬಲ್ಲ ಈ ಸಭೆಗೆ ಅದನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ. ಈ ಊರುಗಳ ಶಾಲೆಗಳಲ್ಲಿ ಇಂದು ಓದುತ್ತಿರುವ ಮಕ್ಕಳಲ್ಲಿ ಕೆಲವರಾದರೂ ನಾಳೆ ಆ ಯಂತ್ರಗಳ ಮುಂದೆ ಕುಳಿತು ಇಲ್ಲಿಯ ಜನರ ಜೀವಲಿಪಿಯನ್ನು ಓದುವಂತಾಗಲಿ. ಓದುವಾಗ ಅಕ್ಷರದೊಡನೆ ತಮ್ಮ ಸಂದೇಹವನ್ನೂ ಮರೆಮಾಚದೆ ಬರೆದಿಡುವಂತಾಗಲಿ.